ಮೈಕ್ ಲಕ್ಕಣ್ಣನ ದನಿ

ಮಲ್ಲಿಪಟ್ಟಣದ ಬಸ್‌ಸ್ಟ್ಯಾಂಡಿನ ಹತ್ತಿರ ಗೂಡ್ಸ್ ಆಟೊ ತಿರುಗಿಸುತ್ತಿದ್ದ ಲಕ್ಕಣ್ಣನಿಗೆ ಮೊದಲು ಕೇಳಿದ್ದು ತನ್ನದೇ ದನಿ. ಆಟೊ ಮೇಲಿನ ಮೈಕ್ ಆಫ್ ಆಗಿತ್ತು. ದನಿ ಬರುತ್ತಿದ್ದದ್ದು ಅಂಗಡಿ ಸಾಲಿನ ಮುಂದೆ ಸೇರಿದ್ದ ಗುಂಪಿನೊಳಗಿನ ಯಾರದೋ ಮೊಬೈಲಿನಿಂದ.

"ಮಕ್ಕಳ್ನ ಕದಿಯೋರು ನಮ್ಮೂರಿಗೆ ಬಂದವ್ರೆ ಕಣ್ರವ್ವಾ. ನಾನೇ ಕಣ್ಣಾರೆ ಕಂಡೆ..."

ಅದರ ಹಿಂದೆಯೇ ಗುಂಪಿನ ನಡುವಿನಿಂದ ದೊಣ್ಣೆ ಮೂಳೆಗೆ ಬಿದ್ದ ಸದ್ದು.

ಅರಕಲಗೂಡು ಸೀಮೆಯಲ್ಲಿ ಆ ದನಿ ಗೊತ್ತಿಲ್ಲದವರು ಯಾರು! ಸೀರೆ ಸೇಲು, ನಾಟಕ, ಸತ್ತವರ ಸುದ್ದಿ, ಎಲ್ಲವನ್ನೂ ಊರೂರಿಗೆ ಸಾರುವವನು ಲಕ್ಕಣ್ಣ. ಹೋದ ವಾರ ಚುನಾವಣೆಗೆ ನಿಂತವನೊಬ್ಬನ ಕಡೆಯವನು ಹಾಸನದಿಂದ ಬಂದು, "ಜನಕ್ಕೆ ಒಸಿ ಭಯ ಹುಟ್ಸು. ಆಮೇಲೆ, ಕಾಪಾಡೋಕೆ ನಮ್ ಅಣ್ಣ ಅವ್ರೆ ಅನ್ನು" ಎಂದಿದ್ದ. ಕಣ್ಣಾರೆ ಕಂಡೆ ಎನ್ನು ಅಂತ ಅವನೇನೂ ಹೇಳಿರಲಿಲ್ಲ. ಅದೂ, ನಡುವಿನ ಅಳುವೂ ಲಕ್ಕಣ್ಣನದೇ ಒಗ್ಗರಣೆ. ಒಗ್ಗರಣೆ ಇಲ್ಲದ ಮಾತು ಜನರ ಗಂಟಲಲ್ಲಿ ಇಳಿಯುವುದಿಲ್ಲ ಅನ್ನುವುದು ಅವನು ಕಸುಬಿನಲ್ಲಿ ಕಲಿತದ್ದು. ಅವನು ಸಾರಿದ್ದನ್ನು ಯಾರೋ ರೆಕಾರ್ಡ್ ಮಾಡಿ ಮೊಬೈಲಿಂದ ಮೊಬೈಲಿಗೆ ಹರಿಬಿಟ್ಟಿದ್ದರು.

ಗುಂಪನ್ನು ಸೀಳಿಕೊಂಡು ಒಳಗೆ ನುಗ್ಗಿದ. ಹೊಸ ಬೆಡ್‌ಶೀಟುಗಳು ನೆಲದ ತುಂಬ ಹರಡಿ ರಕ್ತ ಕುಡಿಯುತ್ತಿದ್ದವು. ಅವುಗಳ ನಡುವೆ ಮುದುಡಿ ಬಿದ್ದಿದ್ದವನ ಮುಖದಲ್ಲಿ ಮೂಗೆಲ್ಲಿ, ತುಟಿಯೆಲ್ಲಿ ತಿಳಿಯುತ್ತಿರಲಿಲ್ಲ.

"ರಾಯಚೂರಾಂವ ರೀ ನಾ... ಚಾದರ ಮಾರಾಕ ಬಂದೀನ್ರೀ... ಕೂಸು ಅಳ್ತಿತ್ತಂತ ಬಿಸ್ಕೀಟ್ ಕೊಟ್ಟೆ..."

"ನೋಡ್ಲಾ, ನಮ್ ಕಡೆ ಮಾತೇ ಅಲ್ಲ!" ಟ್ರ್ಯಾಕ್ಟರ್ ಓಡಿಸುವ ನಟರಾಜು ಬೂಟುಗಾಲಲ್ಲಿ ಅವನ ಪಕ್ಕೆಗೆ ಒದ್ದ.

"ಬುಡ್ರಲಾ! ಸತ್ತೋಯ್ತನೆ!" ಲಕ್ಕಣ್ಣ ಕೂಗಿದ.

"ಬಾ ಲಕ್ಕಣ್ಣ! ನೀನೇಳ್ದಂಗೇ ಸಿಕ್ಬುಟ್ಟ ಕಣಣ್ಣ. ನಿಂದೂ ಒಂದು ಬೀಳ್ಲಿ," ಎಂದ ನಟರಾಜು.

"ಅದು ಸುಳ್ಳು ಕಣ್ಲಾ. ನಾನ್ ಯಾರ್ನೂ ಕಂಡಿಲ್ಲ."

"ಅತ್ಕಂಡು ಅತ್ಕಂಡು ಏಳಿದ್ಯಲ್ಲ, ಅಳೂ ಸುಳ್ಳಾ? ಕಳ್ರ ಕಡೆಯಿಂದ ಎಷ್ಟು ಈಸ್ಕಂಡೆ?"

ಮುಷ್ಟಿ ಬಾಯಿಗೆ ಬಿತ್ತು. ಲಕ್ಕಣ್ಣ ಬಿದ್ದವನ ಮೇಲೇ ಬಿದ್ದ. ಬೆನ್ನ ಮೇಲೆ ದೊಣ್ಣೆಗಳು ಸುರಿದವು. ಒಳಗೆಲ್ಲೋ ಎಲುಬು ಲಟಕ್ಕೆಂದಿತು. ಎದುರಿಗೆ ನಿಂತು ಹೇಳುವ ತನಗಿಂತ ಮೊಬೈಲಿನಲ್ಲಿರುವ ತಾನೇ ಇವರಿಗೆ ನಿಜ ಅನ್ನುವುದು ಆಗ ಅವನಿಗೆ ಹೊಳೆಯಿತು. ಕಾಲುಗಳ ಸಂದಿಯಲ್ಲಿ ತೆವಳಿಕೊಂಡು ಹೋಗಿ ಆಟೊ ಹತ್ತಿ ಮೈಕ್ ಹಾಕಿದ.

"ಯಾರ್ ಮನೆ ಮಗ ಕಾಣೆಯಾಗೈತೆ? ಎಸರೇಳ್ರಪ್ಪಾ! ಒಂದೇ ಒಂದು ಎಸರು!"

ಯಾರೂ ಹೇಳಲಿಲ್ಲ. ದೊಣ್ಣೆಗಳು ಮಾತ್ರ ನಿಂತಿರಲಿಲ್ಲ.

"ಸೀರೆ ಸೇಲಲ್ಲಿ 'ನನ್ ಎಂಡ್ರು ನಾಕ್ ತಕಂಡ್ಲು, ನೀವೂ ಬನ್ನಿ' ಅಂದ್ನಲ್ಲಾ, ನಂಗೆಲ್ಲಿ ಎಂಡ್ರು? ನನ್ ಮದ್ವೆ ಊಟ ಉಂಡೋರು ಯಾರ್ರೀ ಇಲ್ಲಿ? ಅದೂ ಸುಳ್ಳೇ, ಇದೂ ಸುಳ್ಳೇ!"

ಕಡಲೆಕಾಯಿ ಮಾರುವ ಬೆಟ್ಟಮ್ಮ ಬುಟ್ಟಿ ಬಿಟ್ಟು ಎದ್ದಳು. "ನಿನ್ ಬಾಯಿಗೆ ಮಣ್ಣಾಕ! ನಿನ್ ಮಾತು ಕೇಳಿ ತಂದ ಸೀರೆ ಒಂದೇ ಒಗೆತಕ್ಕೆ ಬಣ್ಣ ಬುಡ್ತು ಕಣ್ಲಾ!"

ಯಾರೋ ಕಿಸಕ್ಕೆಂದರು. ನಗುವ ಬಾಯಿಗೂ ಹೊಡೆಯುವ ಕೈಗೂ ಆಗಿಬರುವುದಿಲ್ಲ. ಹೆಂಗಸರು ಸುತ್ತ ನೋಡಿದರು. ಅವರವರ ಮಕ್ಕಳು ಅವರವರ ಸೆರಗು ಹಿಡಿದು ನಿಂತಿದ್ದವು. ಒಂದೊಂದೇ ದೊಣ್ಣೆ ಕೆಳಗಿಳಿಯಿತು. ನಟರಾಜು ಮಾತ್ರ ಎತ್ತಿದ್ದನ್ನು ಸುಮ್ಮನೆ ಇಳಿಸಲಾರದೆ ಕೊನೆಯದೊಂದು ಕೊಟ್ಟ. ಬಿದ್ದಿದ್ದವನ ದವಡೆ ಮುರಿಯಿತು.

ಇಬ್ಬರು ಹಿಡಿದು ಆ ಚಾದರದವನನ್ನು ಆಟೊಗೆ ಹಾಕಿದರು. ಬೆಟ್ಟಮ್ಮ ಹತ್ತಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಉಸಿರಿತ್ತು, ಕಣ್ಣು ತೆರೆದಿರಲಿಲ್ಲ. ಅರಕಲಗೂಡಿನ ದಾರಿಯಲ್ಲಿ ಲಕ್ಕಣ್ಣ ಹಿಂದಕ್ಕೆ ತಿರುಗಿ, ತನ್ನಲ್ಲಿದ್ದ ಅಷ್ಟೂ ಅಕ್ಕರೆಯನ್ನು ದನಿಗೆ ತಂದುಕೊಂಡು ಹೇಳಿದ: "ಎದರ್ಕಬ್ಯಾಡ ಕಣಪ್ಪಾ, ಆಸ್ಪತ್ರೆ ಬಂದೇಬುಡ್ತು."

ಅಲ್ಲಿಯವರೆಗೆ ಅಲುಗಾಡದವನು ಬೆಚ್ಚಿಬಿದ್ದ. ಮುರಿದ ಕೈಗಳೆರಡನ್ನೂ ತಲೆಗೆ ಅಡ್ಡ ಹಿಡಿದು, ಮೂಲೆಗೆ ಸರಿದು, ಇನ್ನೂ ಸಣ್ಣಗೆ ಮುದುಡಿಕೊಂಡ. ಅವನ ಬಟ್ಟೆ ಒದ್ದೆಯಾಯಿತು.

"ನೀನು ಮಾತಾಡ್ಬ್ಯಾಡ ಕಣ್ಲಾ," ಎಂದಳು ಬೆಟ್ಟಮ್ಮ. "ನಿನ್ ದನಿ ಕೇಳೀನೇ ಈ ಜೀವ ಓಗ್ಬುಡ್ತದೆ."

ಲಕ್ಕಣ್ಣ ಬಾಯಿ ಮುಚ್ಚಿದ. ಆಸ್ಪತ್ರೆಯ ಬಾಗಿಲಲ್ಲಿ ಆಟೊ ನಿಲ್ಲಿಸಿ, ಒಳಗಿನವರನ್ನು ಎರಡೂ ಕೈ ಬೀಸಿ ಕರೆದ.