ಕೈ ನೋಡದ ಆರ್ಲಿಸ್

ಆರ್ಲಿಸ್ ಏಕರ್ಸ್ ತಮ್ಮ ಕೈ ಮಾಡುವ ಯಾವ ಕೆಲಸವನ್ನೂ ನೋಡಿ ಮಾಡಿದವರಲ್ಲ. ಬೂಟಿನ ದಾರ ಕಟ್ಟುವಾಗ ಅವರ ದೃಷ್ಟಿ ಎದುರುಬೆಟ್ಟದ ಮೋಡದ ಮೇಲೆ. ಬಿಸಿ ರೊಟ್ಟಿಗೆ ಬೆಣ್ಣೆ ಸವರುವಾಗ ಎದುರಿಗೆ ಕುಳಿತವರ ಮುಖದ ಮೇಲೆ. ಪಿಕಪ್ ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಎಲ್ಲಿರುತ್ತಿತ್ತೋ ದೇವರೇ ಬಲ್ಲ, ನಮ್ಮೂರು ಬೆಂಟ್ ಕ್ರೀಕಿನ ಮನೆಗಳ ಮುಂದೆ ರಸ್ತೆಬದಿಯಲ್ಲಿ ಅವರ ಬಂಪರಿನ ಪೆಟ್ಟು ತಿನ್ನದ ಅಂಚೆಪೆಟ್ಟಿಗೆ ಒಂದೂ ಉಳಿದಿರಲಿಲ್ಲ. ಕ್ರಿಸ್‌ಮಸ್ ಮರಗಳ ತೋಟ ಅವರದು. ಬೇಸಿಗೆ ಬಂತೆಂದರೆ ತೋಳುದ್ದದ ಕತ್ತಿ ಬೀಸುತ್ತ, ಪಕ್ಕದ ಸಾಲಿನವನೊಡನೆ ಹರಟುತ್ತ, ಒಂದೊಂದು ಮರವನ್ನೂ ಶಿಖರಾಕಾರಕ್ಕೆ ಸವರಿ ನಿಲ್ಲಿಸುತ್ತಿದ್ದರು. ಅದೇ ಕತ್ತಿ ಅವರ ಮೊಣಕಾಲಿನ ಕೆಳಗೂ ತನ್ನ ಗುರುತು ಬಿಟ್ಟಿತ್ತು. "ನೋಡದೇ ಇದ್ದಿದ್ದಕ್ಕೆ ತಾನೇ ಇದು?" ಎಂದು ಯಾರಾದರೂ ಕಿಚಾಯಿಸಿದರೆ, "ಹಾಗಲ್ಲ, ಹೌದು. ಆದ್ರೆ ಕಾಲು ಇನ್ನೂ ಇದೆಯಲ್ಲ!" ಎನ್ನುತ್ತಿದ್ದರು.

ಈ 'ಹಾಗಲ್ಲ' ಅವರ ಮಾತಿನ ಹೊಸ್ತಿಲು. ಒಪ್ಪುವುದಿದ್ದರೂ ಅದನ್ನು ದಾಟಿಯೇ ಒಪ್ಪಬೇಕು. ಮಳೆ ಬರುತ್ತಿದೆ ಎಂದರೆ "ಹಾಗಲ್ಲ, ಜೋರಾಗೇ ಬರ್ತಿದೆ". ಊಟಕ್ಕೆ ಏಳಿ ಎಂದರೆ "ಹಾಗಲ್ಲ, ಬಂದೆ". ಮೈಮೇಲೆ ವರ್ಷವಿಡೀ ಒಂದೇ ಕಂದು ಕ್ಯಾನ್‌ವಾಸ್ ಕೋಟು. ಮರದ ಅಂಟು ಮೆತ್ತಿ ಮೆತ್ತಿ ತೋಳುಗಳು ಬಿರುಸಾಗಿ, ಹೆಂಡತಿ ಡೆಲ್ಫಿಯಾ ಒಮ್ಮೆ ಹಟ ಹಿಡಿದು ಅದನ್ನು ಒಗೆದು ಹರವಿದಾಗ, ಒಳಗೆ ಆರ್ಲಿಸ್ ಇಲ್ಲದಿದ್ದರೂ ಅದು ಆರ್ಲಿಸರ ಹಾಗೆಯೇ ಎಡಕ್ಕೆ ವಾಲಿಕೊಂಡು ನೇತಾಡಿತಂತೆ. ನಡಿಗೆಯೂ ಹಾಗೆಯೇ, ಎಡಭುಜ ಮುಂದೆ, ಉಳಿದ ಶರೀರ ಅದರ ಹಿಂದೆ.

ಇಂಥ ಮನುಷ್ಯ ನಲವತ್ತು ವರ್ಷ ಪ್ರತಿ ಶನಿವಾರ ಸಂಜೆ ನಮ್ಮ ಕುಣಿತದ ಹಾಲಿನಲ್ಲಿ, ಪಿಟೀಲಿನ ರಾಸ್ಕೋನ ಬಲಗಡೆಯ ಕುರ್ಚಿಯಲ್ಲಿ ಕುಳಿತು ಗಿಟಾರ್ ಬಾರಿಸಿದರು. ಮೆರೆಯುವ ಗಿಟಾರ್ ಅಲ್ಲ ಅದು. ಪಿಟೀಲು ಹಾರಾಡುತ್ತದೆ, ಬ್ಯಾಂಜೊ ಕುಣಿದಾಡುತ್ತದೆ. ಅವೆರಡಕ್ಕೂ ಕಾಲೂರುವ ನೆಲವನ್ನು ಗಿಟಾರ್ ಹಾಸಿಕೊಡಬೇಕು, ಆ ನೆಲದ ಮೇಲೆ ಇಡೀ ಊರು ಕುಣಿಯಬೇಕು. ನಮ್ಮಲ್ಲಿ ಹಾಡು ಮುಗಿಯುವುದನ್ನು ಬಾಯಲ್ಲಿ ಹೇಳುವ ಪದ್ಧತಿಯಿಲ್ಲ. ಒಂದೇ ರಾಗವನ್ನು ಸುತ್ತು ಸುತ್ತಾಗಿ ನುಡಿಸುತ್ತಿರುವ ರಾಸ್ಕೋ ಸಾಕೆನಿಸಿದಾಗ ಬಲಗಾಲನ್ನು ಎತ್ತುತ್ತಾನೆ. ಕಾಲು ಎದ್ದಿತೆಂದರೆ ಅದೇ ಕಡೆಯ ಸುತ್ತು. ಸುತ್ತಿನ ಕೊನೆಗೆ ಎಲ್ಲ ವಾದ್ಯಗಳೂ ಒಂದೇ ಏಟಿಗೆ ಗಪ್ಪನೆ ನಿಲ್ಲಬೇಕು. ಆದ್ದರಿಂದ ಆರ್ಲಿಸರಿಗೆ ಗಿಟಾರ್ ವಿದ್ಯೆಯ ಮೊದಲ ಪಾಠವೂ ಕೊನೆಯ ಪಾಠವೂ ಒಂದೇ, ಕೈ ನೋಡಬೇಡ. ಕಾಲು ನೋಡು, ಕುಣಿಯುವವರ ಮುಖ ನೋಡು, ಬೇಕಿದ್ದರೆ ಕಿಟಕಿಯಾಚೆ ದನ ನೋಡು. ಕೈ ಮಾತ್ರ ಬೇಡ.

ಕಲಿಯಲು ಬಂದವರನ್ನು ಅವರು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ, ಪಾತ್ರೆ ಒರೆಸುವ ಬಟ್ಟೆಯನ್ನು ಅವರ ಎಡಗೈಯ ಮೇಲೆ ಹೊದಿಸಿಬಿಡುತ್ತಿದ್ದರು. ಬಟ್ಟೆಯ ಕೆಳಗೆ ಬೆರಳುಗಳು ತಂತಿ ಹುಡುಕಿ ತಡಕಾಡಬೇಕು. ಬಹುಮಂದಿ ಎರಡನೆಯ ವಾರಕ್ಕೇ ತಲೆ ಮರೆಸಿಕೊಂಡರು. ಉಳಿದವಳು ವೆಲ್ಮಾ ಸೋವರ್ಸ್ ಒಬ್ಬಳೇ, ಐವತ್ತು ದಾಟಿದ, ಶಾಲೆಯ ಹಳದಿ ಬಸ್ಸು ಓಡಿಸುವ ಗಟ್ಟಿಗಿತ್ತಿ. ಅವಳಿಗೆ ಆ ಹಾಲಿನ ಕುರ್ಚಿಯ ಮೇಲೆ ಚಿಕ್ಕಂದಿನಿಂದ ಕಣ್ಣು. ಆದರೆ ಅವಳ ಕಾಯಿಲೆಯೂ ಕಣ್ಣಿನದೇ: ಕೊರಳು ಬಾಗಿಸಿ, ಗಿಟಾರನ್ನು ತೊಡೆಯ ಮೇಲೆ ಅಂಗಾತ ವಾಲಿಸಿ, ಬೆರಳುಗಳನ್ನು ಒಂದೊಂದಾಗಿ ಕಣ್ಣಾರೆ ಕಾಣದೆ ಅವಳಿಂದ ಒಂದು ತಂತಿಯನ್ನೂ ಮುಟ್ಟಲಾಗುತ್ತಿರಲಿಲ್ಲ.

"ಅದನ್ನೇನು ತಟ್ಟೆ ಹಾಗೆ ಮಲಗಿಸ್ಕೊಂಡಿದ್ದೀಯ? ಊಟ ಬಡಿಸ್ಲಾ?" ಎಂದು ಒಲೆಯ ಮುಂದಿನಿಂದ ಡೆಲ್ಫಿಯಾ.

"ಬಡಿಸಿ ಪುಣ್ಯ ಕಟ್ಕೊಳ್ಳಿ. ಪಾಠಕ್ಕಿಂತ ಅದೇ ವಾಸಿ" ಎಂದು ವೆಲ್ಮಾ.

"ಹಾಗಲ್ಲ ವೆಲ್ಮಾ, ಬಸ್ಸು ಓಡಿಸುವಾಗ ಸ್ಟೀರಿಂಗ್ ನೋಡ್ತೀಯೋ, ರೋಡ್ ನೋಡ್ತೀಯೋ?"

"ಸ್ಟೀರಿಂಗಿಗೆ ಆರು ತಂತಿ ಇಲ್ಲ ಆರ್ಲಿಸ್! ಇದ್ದಿದ್ರೆ ನಮ್ಮೂರ ಮಕ್ಕಳೆಲ್ಲ ಇವತ್ತು ಹಳ್ಳದಲ್ಲಿ ಇರ್ತಿದ್ರು."

ಡೆಲ್ಫಿಯಾ ಬಿದ್ದು ಬಿದ್ದು ನಕ್ಕರು. ಆರ್ಲಿಸ್ ನಗಲಿಲ್ಲ; ವೆಲ್ಮಾಳ ಮುಖವನ್ನೇ ನೋಡುತ್ತ, ಬಟ್ಟೆಯನ್ನು ಇನ್ನಷ್ಟು ಎಳೆದು ಸರಿಪಡಿಸಿದರು.

ವಸಂತದಲ್ಲಿ ಒಂದು ಶನಿವಾರ ಆರ್ಲಿಸ್ ಅವಳನ್ನು ಹಾಲಿಗೆ ಕರೆದೊಯ್ದು ಪಕ್ಕದಲ್ಲೇ ಕೂರಿಸಿಕೊಂಡರು. ಅಲ್ಲಿ ಬಟ್ಟೆಯಿರಲಿಲ್ಲ. ವೆಲ್ಮಾ ತಲೆ ತಗ್ಗಿಸಿದವಳು ತಗ್ಗಿಸಿದಂತೆಯೇ ಬಾರಿಸಿದಳು, ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಬಾರಿಸಿದಳು. ರಾಸ್ಕೋನ ಕಾಲು ಎದ್ದಿತು. ಸುತ್ತು ಮುಗಿಯಿತು. ಪಿಟೀಲು ನಿಂತಿತು, ಬ್ಯಾಂಜೊ ನಿಂತಿತು, ಕುಣಿಯುವವರ ಬೂಟುಗಳು ನಿಂತವು. ವೆಲ್ಮಾ ಮಾತ್ರ ತನ್ನ ಬೆರಳುಗಳ ಧ್ಯಾನದಲ್ಲಿ ಮುಳುಗಿ, ಆ ನಿಶ್ಶಬ್ದದ ನಡುವೆ ಒಬ್ಬಳೇ ಢಣ್ ಢಣ್ ಎಂದು ಸಾಗಿಯೇ ಸಾಗಿದಳು. ಜನ ನಕ್ಕಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು. ಒಳ್ಳೆಯ ಜನ, ಪಾಪ, ಚಪ್ಪಾಳೆ ತಟ್ಟಿಬಿಟ್ಟರು. ಅದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ?

ಆಮೇಲೆ ಅವಳು ಪಾಠಕ್ಕೆ ಬರಲಿಲ್ಲ. ಕಾದು ಸಾಕಾಗಿ ಆರ್ಲಿಸರೇ ಅವಳ ಮನೆಗೆ ಹೋದರು. ಅವರು ಬಂದರೆಂದು ವೆಲ್ಮಾಳಿಗೆ ತಿಳಿದದ್ದು ಅವಳ ಅಂಚೆಪೆಟ್ಟಿಗೆ ಮುರಿದ ಸದ್ದಿನಿಂದ.

"ನಂಗೆ ಆಗಲ್ಲ" ಎಂದು ಅವಳು ಬಾಗಿಲಲ್ಲೇ ಗುಡುಗಿದಳು. "ನೀವು ಹುಟ್ಟಿದಾಗಿಂದ ಹಾಗೇ ಇರ್ಬೇಕು. ನಿಜ ಹೇಳಿ ಆರ್ಲಿಸ್, ನಿಮ್ಮ ಅಮ್ಮನಾಣೆ ಹೇಳಿ. ಆ ಟೋಪಿ ಕೆಳಗೆ ನೀವು ಕೈ ನೋಡೋದೇ ಇಲ್ವಾ?"

ಊರಿನ ಬೀಜದಂಗಡಿಯಲ್ಲಿ ಹತ್ತಾರು ವರ್ಷಗಳಿಂದ ನಡೆದ ವಾದ ಅದು. ಟೋಪಿಯ ಅಂಚು ಅಷ್ಟು ಕೆಳಗಿಳಿದಿರುತ್ತಿತ್ತು. ಆರ್ಲಿಸ್ ನೋಡುತ್ತಾರೆಂದು ಒಂದು ಪಕ್ಷ, ಇಲ್ಲವೆಂದು ಇನ್ನೊಂದು ಪಕ್ಷ. ಆದರೆ ಎದುರು ನಿಂತು ಕೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಆರ್ಲಿಸ್ ಟೋಪಿ ತೆಗೆದರು.

"ಹಾಗಲ್ಲ" ಎಂದರು. "ನೋಡ್ತೀನಿ."

ವೆಲ್ಮಾ ಬಾಗಿಲು ದಾಟಿ ಹೊರಗೆ ಬಂದಳು.

"ಗಿಟಾರಿನ ಕತ್ತಿನುದ್ದಕ್ಕೂ ಕೈ ದೂರ ಹಾರಬೇಕಾದಾಗ ಒಂದ್ಸಲ ನೋಡ್ತೀನಿ. ತೊಟ್ಟಿಲಲ್ಲಿ ಮಗು ಮಲಗಿದೆಯಾ ಅಂತ ಇಣುಕಿ ನೋಡಲ್ವಾ, ಹಾಗೆ. ನೋಡಿ ಹೊರಟುಬಿಡ್ತೀನಿ. ನೀನು ತೊಟ್ಟಿಲ ಪಕ್ಕ ಕುರ್ಚಿ ಹಾಕ್ಕೊಂಡು ಕೂತ್ಬಿಡ್ತೀಯ."

"ಮತ್ತೆ ಅದನ್ನ ಮೊದಲೇ ಹೇಳೋಕೇನಾಗಿತ್ತು ಮಹರಾಯ? ಆ ಹಾಳು ಬಟ್ಟೆ ಯಾಕೆ ಹಾಕಿದ್ರಿ?"

"ಒಂದ್ಸಲ ನೋಡು ಅಂದಿದ್ರೆ ನೀನು ಒಂದ್ಸಲಕ್ಕೆ ಬಿಡ್ತಿದ್ಯಾ?"

ಆಗ ಆರ್ಲಿಸ್ ತಮ್ಮ ಎಡಗೈಯನ್ನು ಅವಳ ಮುಂದೆ ಚಾಚಿ, ಮುಷ್ಟಿ ಬಿಗಿಯಲು ನೋಡಿದರು. ಎರಡು ಬೆರಳುಗಳು ಮಡಚಲೇ ಇಲ್ಲ. ಗಂಟುಗಳು ಊದಿಕೊಂಡಿದ್ದವು. ಚಳಿಗಾಲದಿಂದ ಹೀಗೇ ಎಂದರು. ಈ ಕೈಯಲ್ಲಿ ಇನ್ನು ಕುರ್ಚಿ ಹಿಡಿಯಲಾಗದು, ರಾಸ್ಕೋಗೂ ಹೇಳಿಯಾಗಿದೆ ಎಂದರು. ರಾಸ್ಕೋ ಆಗಲೇ ಕೆಳಗಿನ ಕಣಿವೆಯ ಡ್ವೈಟ್‌ಗೆ ಕರೆ ಮಾಡಲು ಹೊರಟಿದ್ದ. ಡ್ವೈಟ್ ಗಟ್ಟಿ ವಾದಕ, ಒಪ್ಪಬೇಕಾದ್ದೇ. ಆದರೆ ತನ್ನ ಬೆರಳುಗಳ ಚಮತ್ಕಾರವನ್ನು ತಾನೇ ನೋಡಿಕೊಂಡು ತಾನೇ ಮುಗುಳ್ನಗುವ ಆಸಾಮಿ. ಅಂಥವನ ಕೈಗೆ ಊರಿನ ಕುಣಿತವನ್ನು ಒಪ್ಪಿಸಲು ಆರ್ಲಿಸರಿಗೆ ಜೀವ ಒಪ್ಪುತ್ತಿರಲಿಲ್ಲ. ಬೇಡಿಕೊಂಡು ಒಂದೇ ಒಂದು ಶನಿವಾರವನ್ನು ವೆಲ್ಮಾಳಿಗಾಗಿ ಪಡೆದು ಬಂದಿದ್ದರು. ಕಾಲು ಎದ್ದಾಗ ನಿಂತರೆ ಕುರ್ಚಿ ಅವಳದು, ಇಲ್ಲವಾದರೆ ಡ್ವೈಟನದು.

ಪಾಠ ಮತ್ತೆ ಶುರುವಾಯಿತು, ಈ ಸಲ ದಿನವೂ. ಈ ಶನಿವಾರದ ಬಗ್ಗೆ ಡೆಲ್ಫಿಯಾಗೆ ಇದ್ದ ಆತುರ ಇನ್ನಾರಿಗೂ ಇರಲಿಲ್ಲ. ಆರ್ಲಿಸ್ ಹಿತ್ತಲಿಗೆ ಹೋದ ಸಮಯ ನೋಡಿ, ಆಕೆ ವೆಲ್ಮಾಳ ಕಿವಿಯಲ್ಲಿ ಉಸುರಿದರು: "ನೋಡ್ಬೇಕಾದ್ರೆ ನೋಡ್ಕೊಳೇ, ನಾನೇನೂ ಹೇಳಲ್ಲ. ಬೇಗ ಕಲಿ, ಅಷ್ಟೇ. ಮದುವೆಯಾದಾಗಿಂದ ಶನಿವಾರ ಶನಿವಾರ ಊರ ಗಂಡಸರ ಜೊತೆಗೆಲ್ಲ ಕುಣಿದಿದ್ದೀನಿ. ಈ ನನ್ನ ಗಂಡ ಒಬ್ಬ ಬಿಟ್ಟು. ಯಾವಾಗ ನೋಡಿದ್ರೂ ಆ ಕುರ್ಚಿ! ನೀನು ಕೂತ್ರೆ ಅವನು ಏಳ್ತಾನೆ."

ಆ ಶನಿವಾರ, ಅಬ್ಬಾ, ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಡ್ವೈಟನೂ ಬಂದು ಬಾಗಿಲ ಬಳಿ ಒರಗಿ ನಿಂತಿದ್ದ. ವೆಲ್ಮಾ ಆ ಕುರ್ಚಿಯಲ್ಲಿ ಕುಳಿತಳು. ಮೊದಲೆರಡು ಹಾಡುಗಳು ಗೊತ್ತಿದ್ದವು. ದೂರದ ಹಾರಿಕೆ ಬಂದಾಗ ಒಂದು ಇಣುಕುನೋಟ, ಮತ್ತೆ ರಾಸ್ಕೋನ ಕಾಲು, ಮತ್ತೆ ಇಣುಕು, ಮತ್ತೆ ಕಾಲು. ಹಾಗೂ ಹೀಗೂ ದಡ ಮುಟ್ಟಿದಳು. ಆದರೆ ರಾಸ್ಕೋ ರಾಸ್ಕೋನೇ. ಜನ ರಂಗೇರಿದ್ದನ್ನು ಕಂಡದ್ದೇ ತಡ, ಮುನ್ಸೂಚನೆ ಕೊಡದೆ, ಅವಳು ಜನ್ಮದಲ್ಲಿ ಕೇಳಿರದ ಯಾವುದೋ ಹಳೆಯ ರಾಗವನ್ನು ಎತ್ತಿಬಿಟ್ಟ.

ಮುಂದೆ ಯಾವ ತಂತಿಗಳನ್ನು ಒತ್ತಬೇಕು? ಬೆರಳು ಎಲ್ಲಿಡಬೇಕು? ವೆಲ್ಮಾಳ ತಲೆ ತಾನಾಗಿ ತಗ್ಗಿತು, ಕಣ್ಣು ಕೈಗೆ ಅಂಟಿತು. ಪಾಪದ ಕೈ! ಅದಕ್ಕೇನು ಗೊತ್ತು? ಗೊತ್ತಿದ್ದದ್ದು ರಾಸ್ಕೋಗೆ. ಅವಳು ಕತ್ತೆತ್ತಿ ಅವನನ್ನು ನೋಡಿದಳು. ಕಮಾನು ಎಳೆಯುವ ಮೊಣಕೈಯನ್ನು ನೋಡಿದಳು, ಪಿಟೀಲಿಗೆ ಒತ್ತಿದ ಗದ್ದವನ್ನು ನೋಡಿದಳು, ರಾಗ ತಿರುವು ಹಿಡಿಯುವ ಮುನ್ನ ಅವನ ಹುಬ್ಬು ಮೇಲೇರುವುದನ್ನು ಕಂಡಳು. ಒಂದು ಸಲ ತಪ್ಪಿದಳು. ಎರಡನೆಯ ಸುತ್ತಿನಲ್ಲಿ ಅದೇ ತಿರುವು ಬಂದಾಗ ಬೆರಳುಗಳು, ಯಾರ ಅಪ್ಪಣೆಗೂ ಕಾಯದೆ, ಸರಿಯಾದ ತಾಣಕ್ಕೆ ಹೋಗಿ ಕುಳಿತವು. ಅಯ್ಯೋ, ಕುಳಿತೇಬಿಟ್ಟವು! ಹಿಂದೆ ದೊಡ್ಡ ಬೇಸ್ ವಾದ್ಯ ಹಿಡಿದು ನಿಂತಿದ್ದ ರಾಸ್ಕೋನ ತಂಗಿ, ಅವಳೂ ಆ ರಾಗ ಅರಿಯದವಳು, ಬಾಗಿ ಬಾಗಿ ವೆಲ್ಮಾಳ ಎಡಗೈಯನ್ನು ನೋಡಿಕೊಂಡು ತಾನು ಮೀಟುತ್ತಿದ್ದಳು. "ಹಾಗೇ ಹೋಗೇ ಹುಡುಗಿ, ನಿನ್ನ ಕೈ ನಾನು ನೋಡ್ಕೋತೀನಿ!" ಎಂದು ಕಿರುಚಿದಳು. ಬ್ಯಾಂಜೊದವನೂ ಓರೆಗಣ್ಣಿನಲ್ಲಿ ಅದನ್ನೇ ಗಮನಿಸುತ್ತಿದ್ದ. ತನ್ನ ಕೈಯನ್ನು ತಾನೊಬ್ಬಳ ಹೊರತು ಎಲ್ಲರೂ ನೋಡುತ್ತಿದ್ದಾರೆ ಎಂದು ಅರಿವಾದಾಗ ವೆಲ್ಮಾಳಿಗೆ ನಗು ಉಕ್ಕಿ ಬಂತು. ನಗುತ್ತಲೇ ಬಾರಿಸಿದಳು, ಬಾರಿಸುತ್ತಲೇ ಇಡೀ ಹಾಲನ್ನು ಮೊದಲ ಬಾರಿಗೆ ನೋಡಿದಳು. ಬೂಟುಗಳ ಏಟಿಗೆ ನೆಲದ ಹಲಗೆಗಳು ಅದುರುತ್ತಿದ್ದವು. ಬೆವರಿದ ಮುಖಗಳು, ಹಾರುವ ಲಂಗಗಳು. ಅದೆಲ್ಲ ನಡೆಯುತ್ತಿದ್ದದ್ದು ತನ್ನ ಹೆಬ್ಬೆರಳಿನ ಏಟಿನ ಮೇಲೆ!

ಆಗ ಅವಳಿಗೆ ಆರ್ಲಿಸ್ ಕಂಡರು. ಅವರು ಕೂತಿರಲಿಲ್ಲ. ಹಾಲಿನ ನಟ್ಟನಡುವೆ ಡೆಲ್ಫಿಯಾರ ಎದುರು ನಿಂತು, ಕಂದು ಕೋಟಿನೊಳಗೆ ಕೊರಡಿನಂತೆ ಸೆಟೆದು, ಕುಣಿಯಲು ಕಲಿಯುತ್ತಿದ್ದರು. ಆದರೆ ಆ ಭಂಗಿ! ಕುತ್ತಿಗೆ ಮುರಿಯುವಷ್ಟು ತಗ್ಗಿಸಿ, ಜಗತ್ತನ್ನೇ ಮರೆತು, ಆ ಮಹಾನುಭಾವರು ತಮ್ಮ ಕಾಲುಗಳನ್ನೇ ದುರುಗುಟ್ಟಿ ನೋಡುತ್ತಿದ್ದರು. ಎಡ, ಬಲ, ಎಡ, ಅಯ್ಯೋ ಮತ್ತೆ ಎಡ.

"ಕಾಲು ನೋಡ್ಬೇಡ ಕಣೋ ಮುದುಕಾ!" ಡೆಲ್ಫಿಯಾರ ಕೂಗು ಪಿಟೀಲನ್ನೂ ಮೀರಿ ವೇದಿಕೆಗೆ ಮುಟ್ಟಿತು. "ನನ್ನ ಮುಖ ನೋಡು!"

"ಹಾಗಲ್ಲ ಡೆಲ್ಫಿ, ನೋಡದಿದ್ರೆ ಅವು ಎಲ್ಲಿಗೆ ಹೋಗ್ತವೋ ನಂಗೊತ್ತಾಗಲ್ಲ!"

ಡೆಲ್ಫಿಯಾ ಎರಡೂ ಕೈಗಳಿಂದ ಅವರ ಗಲ್ಲ ಹಿಡಿದು ಮುಖವನ್ನು ಮೇಲೆತ್ತಿದರು. ಅಷ್ಟು ಹೊತ್ತಿಗೆ ರಾಸ್ಕೋನ ಬಲಗಾಲು ನೆಲ ಬಿಟ್ಟಿತು. ವೆಲ್ಮಾ ಕಂಡಳು. ಕಡೆಯ ಸುತ್ತು ಸುತ್ತಿ, ಕಡೆಯ ಏಟಿಗೆ ಪಿಟೀಲಿನ ಜೊತೆ, ಬ್ಯಾಂಜೊದ ಜೊತೆ ಅವಳ ಗಿಟಾರೂ ಗಪ್ಪನೆ ನಿಂತಿತು. ಹಾಲಿನಲ್ಲಿದ್ದ ಜನ ಬೊಬ್ಬಿರಿದರು. ರಾಸ್ಕೋ ಅವಳ ಕಡೆ ತಿರುಗಿಯೂ ನೋಡದೆ, ಕಮಾನಿಗೆ ರಾಳ ಉಜ್ಜುತ್ತ, "ಮುಂದಿನ ವಾರ ಸ್ವಲ್ಪ ಬೇಗ ಬಾ, ಶ್ರುತಿ ಮಾಡ್ಕೋಬೇಕು" ಎಂದ. ಬಾಗಿಲ ಬಳಿಯ ಡ್ವೈಟ್ ಟೋಪಿ ಹಾಕಿಕೊಂಡು ಹೊರಟ.

ಕಲಿಸುವವರಲ್ಲಿ ಆರ್ಲಿಸರಂಥವರದು ಒಂದು ಬಗೆ. ಅವರ ವಿದ್ಯೆ ಎಂದೋ ಮೈಯೊಳಗೆ ಇಳಿದುಹೋಗಿರುತ್ತದೆ. ಅದು ಇಳಿಯುವ ಮುನ್ನ ತಾವೂ ತಲೆ ತಗ್ಗಿಸಿ ತಡವರಿಸಿದ ಕಾಲವನ್ನು ಅವರು ಪೂರ್ತಿ ಮರೆತಿರುತ್ತಾರೆ, ಆದ್ದರಿಂದಲೇ ಕಠಿಣರಾಗಿರುತ್ತಾರೆ, ಕೆಲವೊಮ್ಮೆ ಅನ್ಯಾಯವನ್ನೂ ಮಾಡುತ್ತಾರೆ. ಕಲಿಯುವವನ ಕಣ್ಣು ತನ್ನ ಕೈಗೆ ಅಂಟುವುದು ಸೋಮಾರಿತನದಿಂದಲ್ಲ, ಭಯದಿಂದ. ಆ ಭಯ ಬಟ್ಟೆ ಹೊದಿಸಿದರೆ ಹೋಗುವುದಿಲ್ಲ, ಅದಕ್ಕಿಂತ ನೋಡಬೇಕಾದದ್ದು ಎದುರಿಗೆ ಕಂಡಾಗ ಹೋಗುತ್ತದೆ. ಇದನ್ನು ಅರಿಯಲು ಇಂಥ ಗುರುಗಳು ಬಾಳಿನಲ್ಲಿ ಇನ್ನೊಮ್ಮೆ ಏನೂ ಬಾರದವರಾಗಬೇಕು. ಆ ಭಾಗ್ಯ ಎಲ್ಲರಿಗೂ ಬರುವುದಿಲ್ಲ. ಆರ್ಲಿಸರಿಗೆ ಬಂತು. ವೆಲ್ಮಾ ಮುಂದಿನ ಹಾಡಿಗೆ ಕೈಯೆತ್ತಿದಾಗ ಅವರು ನಡುಹಾಲಿನಲ್ಲಿ ಹೆಂಡತಿಯ ಎರಡು ಅಂಗೈಗಳ ನಡುವೆ ಮುಖವಿಟ್ಟು, ಕಾಲು ಎಲ್ಲಿದೆಯೆಂದು ತಿಳಿಯದೆ, ಆಕೆಯನ್ನೇ ನೋಡುತ್ತ ನಿಂತಿದ್ದರು.