ಮುನಿರತ್ನಮ್ಮನ ಪ್ರಕಟಣೆ

"ಒಸಿ ತಡೀರಿ ಅಯ್ಯನೋರೇ, ಬಸ್ಸು ಬರ್ಲಿ" ಎಂದು ಚಲುವಯ್ಯ ಹೆಂಡತಿ ಮುನಿರತ್ನಮ್ಮನ ಶವಪೆಟ್ಟಿಗೆಯ ಮುಚ್ಚಳವನ್ನು ಹಿಡಿದುಕೊಂಡ.

ಮೊಳೆ ಹೊಡೆಯಲು ಸುತ್ತಿಗೆ ಎತ್ತಿದ್ದ ಪಕ್ಕದ ಮನೆಯ ಅಂಕಯ್ಯ ಕೈ ಇಳಿಸಿದ. ಪಾದ್ರಿಗಳು ಚರ್ಚಿನ ಕಿಟಕಿಯಾಚೆ ನೋಡಿದರು.

"ಹೊತ್ತು ಮುಳುಗ್ತಿದೆ ಚಲುವಯ್ಯ. ಬರಬೇಕಾದವರೆಲ್ಲ ಬಂದಾಯ್ತಲ್ಲ?"

"ಎಲ್ ಬಂದವ್ರೆ? ಅವಳ ಸಭೆಯೆಲ್ಲ ಬಸ್ಸಲ್ಲೈತೆ."

ಆ ಭಾನುವಾರ ಬೆಳಿಗ್ಗೆ ಮುನಿರತ್ನಮ್ಮ ಚರ್ಚು ಗುಡಿಸುತ್ತಿದ್ದಳು. ಸುಸ್ತೆಂದು ಬೆಂಚಿನ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಗಾರ್ಮೆಂಟ್ಸ್ ಬಸ್ಸು ಅಷ್ಟರಲ್ಲಿ ಊರಿನ ಹುಡುಗಿಯರನ್ನು ಹತ್ತಿಸಿಕೊಂಡು ಹಾರೋಹಳ್ಳಿಗೆ ಹೋಗಿಬಿಟ್ಟಿತ್ತು. ಕಂಪನಿಯ ಒಳಗೆ ಫೋನು ಬಿಡುವುದಿಲ್ಲ. ಊರಿಗೆಲ್ಲ ಸುದ್ದಿ ಮುಟ್ಟಿಸುತ್ತಿದ್ದವಳ ಸುದ್ದಿಯೇ ಆ ಹುಡುಗಿಯರಿಗೆ ಮುಟ್ಟಲಿಲ್ಲ, ಏನು ಹೇಳುವುದು.

*

ಹಾರೋಹಳ್ಳಿಯಲ್ಲಿ ಕಾರ್ಖಾನೆಗಳು ಎದ್ದ ಮೇಲೆ ಕೋಡಿಹಳ್ಳಿ ಕಡೆಯ ಈ ಪುಟ್ಟ ಲೂಥರನ್ ಸಭೆಗೆ ಭಾನುವಾರವೇ ಇಲ್ಲದಂತಾಗಿತ್ತು. ಕಂಪನಿಯ ರಜೆ ಬುಧವಾರ. ಬೆಂಚುಗಳಲ್ಲಿ ಉಳಿದವರು ಕೆಮ್ಮುವವರು, ಮಂಡಿ ನೋವಿನವರು. ಮುನಿರತ್ನಮ್ಮ ಸುಮ್ಮನೆ ಕೂರುವ ಪೈಕಿಯಲ್ಲ. ಆರಾಧನೆಯ ಕೊನೆಗೆ ಪಾದ್ರಿಗಳು ಓದುವ ಪ್ರಕಟಣೆಗಳನ್ನು ಬಾಯಿಪಾಠ ಮಾಡಿಕೊಂಡು, ಸೋಮವಾರ ನಸುಕಿಗೇ ಬಸ್‌ಸ್ಟಾಪಿಗೆ ಓಡುವಳು.

"ಕೇಳ್ರವ್ವ. ಕೆಂಚಮ್ಮಂಗೆ ಆಪ್ರೇಸನ್ನು, ಪ್ರಾರ್ಥನೆ ಮಾಡ್ಬೇಕು. ಮುನ್ನೀಗೆ ದಿನ ತುಂಬ್ತಾ ಐತೆ. ಅಂಕಯ್ಯನ ಎಮ್ಮೆ ಈದೈತೆ, ಗಿಣ್ಣಾಲು ಬೇಕಾದೋರು ಹೇಳಿ."

"ಎಮ್ಮೆ ಈದಿದ್ದೂ ಪಾದ್ರಿಗಳೇ ಹೇಳಿದ್ರಾ ಅಜ್ಜಿ?" ಎಂದು ಟೈಲರ್ ಹುಡುಗಿ ಸುಮನಾ ಕಿಚಾಯಿಸಿದಳು.

"ಅವ್ರು ಮರೆತ್ರು. ನಾನು ಸೇರಿಸ್ದೆ."

ಸಭೆಗೆ ಸೇರದ ಗೌಡರ ಮನೆಯ ಹುಡುಗಿಯರೂ ನಗುನಗುತ್ತಲೇ ಕಿವಿಗೊಡುತ್ತಿದ್ದರು. ಗಿಣ್ಣು ಹಾಲು ಹೆಚ್ಚಾಗಿ ಅವರಿಗೇ ಹೋಗುತ್ತಿತ್ತು.

ಹೋದ ತಿಂಗಳು ಪಾದ್ರಿಗಳು ಹೇಳಿದರು: "ಇಷ್ಟೇ ಜನಕ್ಕೆ ಅಲ್ಲಿ ಆರಾಧನೆ ಯಾಕೆ ಅಂತ ಕಮಿಟಿ ಕೇಳ್ತಿದೆ. ಹೊಸ ವರ್ಷಕ್ಕೆ ಬಾಗಿಲು ಹಾಕ್ತಾರೆ. ನೀವೆಲ್ಲ ಕನಕಪುರಕ್ಕೆ ಬರಬೇಕಾಗುತ್ತೆ."

"ಸಂಜೆ ಏಳಕ್ಕೆ ಮಡಗಿ ಅಯ್ಯನೋರೇ. ಮಕ್ಕಳು ಬಸ್ಸಿಳಿದು ಹಂಗೇ ಬತ್ತಾರೆ" ಎಂದಳು ಮುನಿರತ್ನಮ್ಮ.

"ಆರಾಧನೆ ಬೆಳಿಗ್ಗೆ ಒಂಬತ್ತಕ್ಕಮ್ಮ. ಮೊದಲಿಂದ ನಡೆದುಬಂದದ್ದು."

"ಯೇಸುಸ್ವಾಮಿ ಕಡೇ ಊಟ ಮಾಡಿದ್ದು ರಾತ್ರೀಲಿ ಅಲ್ವಾ?"

ಪಾದ್ರಿಗಳು ಬೈಕು ಹತ್ತಿದ್ದರು.

*

ಬಸ್ಸು ಬಂತು. ಚರ್ಚಿನ ಮುಂದಿನ ಜನ ಕಂಡು ಹುಡುಗಿಯರೆಲ್ಲ ಅಲ್ಲೇ ಇಳಿದರು. ತಲೆಗೂದಲಲ್ಲಿ ನೂಲಿನ ಚೂರು, ಹೆಗಲಲ್ಲಿ ಊಟದ ಬ್ಯಾಗು. ಬೆಂಚು ಸಾಲದೆ ಗೋಡೆಗೊರಗಿ ನಿಂತರು. ಸುಮನಾ ಪೆಟ್ಟಿಗೆಯ ಪಕ್ಕ ಕುಸಿದು, "ಒಂದ್ ಮಾತು ಹೇಳ್ದೆ ಹೋಗ್ಬುಟ್ಯಲ್ಲ ಅಜ್ಜಿ" ಎಂದು ಬಿಕ್ಕಿದಳು. ಕೀರ್ತನೆ ಎತ್ತಿಕೊಂಡಾಗ ಪಾದ್ರಿಗಳ ದನಿ ಅವರೆಲ್ಲರ ದನಿಯೊಳಗೆ ಮುಚ್ಚಿಹೋಯಿತು. ಎಷ್ಟೋ ವರ್ಷದಿಂದ ಆ ಗೋಡೆಗಳು ಅಷ್ಟು ದನಿ ಕೇಳಿರಲಿಲ್ಲ.

"ಮುಚ್ಚೋಕೆ ಮುಂಚೆ ಯಾರಾರ ಒಸಿ ಸುದ್ದಿ ಹೇಳ್ರವ್ವ" ಎಂದ ಚಲುವಯ್ಯ. "ಪ್ರಕಟಣೆ ಕೇಳ್ದೆ ಅವ್ಳು ಒಂದಿನವೂ ಇಲ್ಲಿಂದ ಎದ್ದೋಗಿಲ್ಲ."

ಸುಮನಾ ಸೆರಗಿನಿಂದ ಮೂಗೊರೆಸಿಕೊಂಡು ಎದ್ದಳು.

"ಅಜ್ಜಿ, ಪ್ರಕಟಣೆ. ಮುನ್ನೀಗೆ ಹೆಣ್ಣು ಮಗು, ಇಬ್ರೂ ಚೆಂದಾಗವ್ರೆ. ಕೆಂಚಮ್ಮ ಮೆಷಿನ್ನಿಗೆ ವಾಪಸ್ ಬಂದವ್ರೆ." ಪೆಟ್ಟಿಗೆಯ ಅಂಚು ಹಿಡಿದುಕೊಂಡಳು. "ಇನ್ನೊಂದು. ಬರೋ ಭಾನುವಾರದಿಂದ ಆರಾಧನೆ ಸಂಜೆ ಏಳಕ್ಕೆ, ಬಸ್ಸು ಬಂದ ಮೇಲೆ."

ಅಂಕಯ್ಯ ಸುತ್ತಿಗೆ ಹಿಡಿದೇ ಪಾದ್ರಿಗಳ ಮುಖ ನೋಡಿದ. ಎಲ್ಲರೂ ನೋಡಿದರು.

"ಇದನ್ನ ನಾನು ಹೇಳಿಲ್ಲವಲ್ಲಮ್ಮ" ಎಂದರು ಪಾದ್ರಿಗಳು.

"ನೀವು ಮರೆತ್ರಿ. ನಾನು ಸೇರಿಸ್ದೆ."

ಪಾದ್ರಿಗಳು ತುಂಬಿದ ಬೆಂಚುಗಳನ್ನು ನೋಡಿದರು, ಪೆಟ್ಟಿಗೆಯೊಳಗಿನ ಮುಖವನ್ನು ನೋಡಿದರು, ಕೈಯಲ್ಲಿದ್ದ ಪುಸ್ತಕ ಮುಚ್ಚಿದರು.

"ಆಮೆನ್" ಎಂದರು.

ಚಲುವಯ್ಯ ಮುಚ್ಚಳದಿಂದ ಕೈ ತೆಗೆದ.

ಹೊರಗೆ ಕತ್ತಲು ಇಳಿದಿತ್ತು. ಡ್ರೈವರ್ ಬೋರಲಿಂಗಯ್ಯ ಬಸ್ಸನ್ನು ಸಮಾಧಿಯ ದಾರಿಗೆ ತಿರುಗಿಸಿ ಹೆಡ್‌ಲೈಟ್ ಹಾಕಿದ. ಹುಡುಗಿಯರು ಪೆಟ್ಟಿಗೆಗೆ ಹೆಗಲು ಕೊಟ್ಟು, ಬ್ಯಾಗಿನ ಊಟದ ಡಬ್ಬಿಗಳು ಗಲಗಲ ಅನ್ನುತ್ತಿದ್ದಂತೆ, ಆ ಬೆಳಕಿನಲ್ಲಿ ನಡೆದರು. ಬಸ್ಸು ಅವರ ಹಿಂದೆ ನಿಧಾನವಾಗಿ ಬಂತು.