ಮೆಸ್ಸಿನ ನಡುವಿನ ಪಿಲ್ಲರ್

ವರ್ಷದ ಕೊನೆಗೆ ಗಿರಾಕಿಗಳನ್ನು ಕರೆದು ಊಟ ಹಾಕುವುದು ಅಶೋಕ್ ಅವರ ಆಫೀಸಿನ ಪದ್ಧತಿ. ಬಂಟ್ವಾಳ ಪೇಟೆಯಲ್ಲಿ ಮೆಡಿಕಲ್ ಅಂಗಡಿಯ ಮಾಳಿಗೆಯ ಮೇಲೆ ಆ ಆಫೀಸು. ಕಟ್ಟಡ ಯಾವುದೇ ಇರಲಿ, ಅದರ ಪಿಲ್ಲರು, ಬೀಮುಗಳ ಲೆಕ್ಕ ಹಾಕಿ ಕೊಡುವುದು ಅವರ ಕೆಲಸ. ಈ ಸಲ ಊಟದ ಮೊದಲು ಇನ್ನೊಂದು ಕಾರ್ಯಕ್ರಮ ಸೇರಿತ್ತು. ಕಟ್ಟಡ ಕಟ್ಟುವ ಸರಕಾರಿ ನಿಯಮಗಳ, ಅಂದರೆ ಕೋಡಿನ, ಪರಿಷ್ಕರಣೆಯ ಮಾತು ಎಲ್ಲ ಕಡೆ ನಡೆಯುತ್ತಿತ್ತು. ಗಾಳಿ, ಭೂಕಂಪದ ಲೆಕ್ಕ ಬಿಗಿಯಾಗುವುದನ್ನು ಗಿರಾಕಿಗಳಿಗೆ ಅರ್ಥವಾಗುವ ಹಾಗೆ ಹೇಳಬೇಕಿತ್ತು. ಆ ಹೊಣೆ ದೀಪಶ್ರೀಯ ತಲೆಗೆ ಬಂತು. ಓದು ಮುಗಿಸಿದಂದಿನಿಂದ ಅವಳು ಅಲ್ಲೇ ಎಂಜಿನಿಯರು.

"ಹೆದರಿಸುವ ಹಾಗೆ ಹೇಳಬೇಡ ಮಾರಾಯ್ತಿ," ಎಂದರು ಅಶೋಕ್. "ಥ್ಯಾಂಕ್ಸ್ ಹೇಳ್ಲಿಕ್ಕೆ ಅಲ್ವಾ ನಾವು ಕರೆಯುವುದು?"

ಹಳೆಯ ಗಿರಾಕಿಗಳ ಮನೆಗೆ ಹೋಗಿ ಕರೆಯುವುದೂ ಅವಳ ಪಾಲಿಗೇ ಬಂತು. ಮೂಡುಬಿದಿರೆ ಕಡೆಯವರನ್ನು ಕರೆಯಲು ಹೊರಟವಳು ಮಿಜಾರಿನಲ್ಲಿ ಮುಂಡಪ್ಪಣ್ಣನ ಹಾಸ್ಟೆಲಿನ ಮುಂದೆ ಸ್ಕೂಟರ್ ನಿಲ್ಲಿಸಿದಳು. ಮುಂಡಪ್ಪ ಮಸ್ಕತ್ತಿನಲ್ಲಿ ಹೋಟೆಲು ನಡೆಸಿ ಬಂದವರು. ಸುತ್ತಲಿನ ಕಾಲೇಜುಗಳ ಹುಡುಗಿಯರಿಗಾಗಿ ಹಾಸ್ಟೆಲ್ ಕಟ್ಟಿಸಿದ್ದರು. ದೀಪಶ್ರೀ ಸ್ವತಂತ್ರವಾಗಿ ಲೆಕ್ಕ ಹಾಕಿದ ಮೊದಲ ಕಟ್ಟಡ ಅದು. ಮುಂಡಪ್ಪನ ಹೆಂಡತಿ ಕಾಂತಿ ಅಡುಗೆ, ಮೆಸ್ಸು ನೋಡಿಕೊಳ್ಳುತ್ತಿದ್ದಳು. ಕಟ್ಟುವ ಕಾಲದಲ್ಲಿ ದೀಪಶ್ರೀ ಸೈಟಿಗೆ ಬಂದಾಗೆಲ್ಲ ಊಟ ಮಾಡದೆ ಹೋಗಲು ಬಿಟ್ಟವಳಲ್ಲ.

ಒಳಗೆ ಕಾಲಿಟ್ಟ ಕೂಡಲೇ ಮೆಸ್ಸು ದೊಡ್ಡದಾಗಿದೆ ಅನಿಸಿತು ದೀಪಶ್ರೀಗೆ. ಆಮೇಲೆ ಯಾಕೆಂದು ಹೊಳೆಯಿತು. ನಡುವಿನ ಪಿಲ್ಲರು ಇರಲಿಲ್ಲ.

"ಹೇಗುಂಟು?" ಮುಂಡಪ್ಪ ಹೆಮ್ಮೆಯಿಂದ ಕೇಳಿದರು. "ಬಡಿಸುವವರಿಗೆ ಅದೊಂದು ತೊಂದರೆ ಆಗ್ತಿತ್ತು. ತೆಗೆಸಿಬಿಟ್ಟೆ. ಮೇಲೆ ಕಬ್ಬಿಣದ ಚಾನೆಲ್ ಕೊಟ್ಟಿದ್ದೇವೆ, ಎಂತ ಆಗುವುದಿಲ್ಲ."

ದೀಪಶ್ರೀ ತಲೆಯೆತ್ತಿ ನೋಡಿದಳು. ಬೀಮಿನ ಅಡಿಗೆ ಆಸರೆಗೆಂದು ಎರಡು ಚಾನೆಲ್ ಬಿಗಿದಿದ್ದರು. ಗೋಡೆಯ ಹತ್ತಿರ ಬೀಮಿನ ಮೈಯಲ್ಲಿ ಓರೆಯಾಗಿ ಒಂದು ಬಿರುಕು. ಅದಕ್ಕೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರು. ಬಣ್ಣದ ಮೇಲೆ ಬಿರುಕು ಮತ್ತೆ ಬಾಯಿ ಬಿಟ್ಟಿತ್ತು.

"ಮೇಲೆ ಎಷ್ಟು ಮಾಳಿಗೆ ಉಂಟು ಅಣ್ಣ ಈಗ?"

"ನೀನು ಹೇಳಿದ್ದಕ್ಕಿಂತ ಒಂದು ಹೆಚ್ಚು. ಹುಡುಗಿಯರು ಬರ್ತಾ ಇದ್ದಾರೆ, ಎಲ್ಲಿಗೆ ಕಳಿಸುವುದು?"

ಅವಳು ಆದಷ್ಟು ಮೆತ್ತಗೆ ವಿವರಿಸಿದಳು. ಆ ಪಿಲ್ಲರು ಹೊರುತ್ತಿದ್ದ ಭಾರವೆಲ್ಲ ಈಗ ಬೀಮಿನ ಮೇಲೆ ಬಿದ್ದಿದೆ. ಕೂಡಲೇ ಹುಡುಗಿಯರನ್ನು ಹೊರಗೆ ಕಳಿಸಿ, ಬೀಮಿನ ಅಡಿಗೆ ಜಾಕಿ ಊರಿ ಆಸರೆ ಕೊಡಬೇಕು. ಮುಂಡಪ್ಪನ ಮುಖ ಗಂಟಿಕ್ಕಿತು.

"ಒಂದು ಮಳೆಗಾಲ ಕಳೆದಿದೆ. ಬೀಳುವುದಾದರೆ ಆಗಲೇ ಬೀಳ್ತಿತ್ತು. ಈಗ ಮಕ್ಕಳಿಗೆ ಪರೀಕ್ಷೆ. ಅದು ಮುಗಿಯಲಿ, ಮತ್ತೆ ನೋಡುವ."

ಅವಳು ಹೊರಗೆ ಬಂದು ಅಶೋಕ್‌ಗೆ ಫೋನ್ ಮಾಡಿದಳು. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, "ಊಟದ ಕೂಟಕ್ಕೆ ಬಂದಾಗ ನಾನೇ ಅವರಿಗೆ ಹೇಳ್ತೇನೆ. ಅವರನ್ನು ಈಗ ಕೆಣಕಬೇಡ, ಬೆಳ್ತಂಗಡಿ ಕಡೆಯ ಕೆಲಸಗಳೆಲ್ಲ ಅವರ ಬಾಯಿಂದಲೇ ಬಂದದ್ದು," ಎಂದರು.

"ಸರ್, ನೀವು ಆ ಬಿರುಕು ನೋಡ್ಲಿಲ್ಲ."

"ನೋಡ್ಲಿಲ್ಲ, ಸರಿ. ಆದರೆ ಲೆಕ್ಕ ಹಾಕದೆ ನೀನೂ ಹೇಳುವ ಹಾಗಿಲ್ಲ ಅಲ್ವಾ?"

ಅದು ನಿಜವೇ. ಲೆಕ್ಕ ಹಾಕಿರಲಿಲ್ಲ. ಬಿರುಕು ಕಂಡಿದ್ದಳು, ಅಷ್ಟೆ. ಸ್ಕೂಟರಿನ ಕೀಲಿ ಹಿಡಿದು ನಿಂತವಳಿಗೆ ಹೋಗಿಬಿಡುವುದೇ ಸುಲಭ ಅನಿಸಿತು.

ಅಷ್ಟರಲ್ಲಿ ಕಾಂತಿ ಬಾಗಿಲಿಗೆ ಬಂದಳು. "ಎಂತ ಮಗಳೇ, ಹೊರಗೇ ನಿಂತದ್ದು? ಬಾ, ಬಂಗುಡೆ ಸಾರು ಉಂಟು. ಕೈ ತೊಳೆ."

ಹುಡುಗಿಯರು ಗುಂಪುಗುಂಪಾಗಿ ಮೆಟ್ಟಿಲಿಳಿದು ಊಟಕ್ಕೆ ಬರುತ್ತಿದ್ದರು. ಮೆಸ್ಸಿನ ನಡುವೆ, ಪಿಲ್ಲರು ಇದ್ದ ಜಾಗದಲ್ಲೇ ಉದ್ದದ ಮೇಜು ಹಾಕಿತ್ತು. ಕಾಂತಿ ಅಲ್ಲಿ ತಟ್ಟೆ ಇಟ್ಟು, ಕುಚ್ಚಲಕ್ಕಿ ಅನ್ನ ಬಡಿಸಿ, ಕುರ್ಚಿ ಎಳೆದಳು.

"ನನಗೆ ಬೇಡ ಅಕ್ಕ," ಎಂದಳು ದೀಪಶ್ರೀ ಬಾಗಿಲಲ್ಲೇ ನಿಂತು.

"ಬೇಡ ಅಂದ್ರೆ? ಅನ್ನ ಬಡಿಸಿ ಆಯ್ತು."

"ಹೊರಗೆ ಕೊಡಿ, ಅಂಗಳದಲ್ಲಿ ಕೂತು ಉಣ್ತೇನೆ. ಇಲ್ಲಿ ಕೂರುವುದಿಲ್ಲ."

ಕಾಂತಿಯ ಕಣ್ಣಲ್ಲಿ ಮೊದಲು ಬಂದದ್ದು ನೋವು. ಬಡಿಸಿದ ಅನ್ನ ಬಿಟ್ಟು ನಿಂತವರನ್ನು ಅವಳು ಕಂಡಿರಲಿಲ್ಲ. ಏನೋ ಅನ್ನಲು ಬಾಯಿ ತೆರೆದವಳು ದೀಪಶ್ರೀಯ ಮುಖ ನೋಡಿದಳು. ಆಮೇಲೆ ಅವಳು ನೋಡುತ್ತಿದ್ದ ಕಡೆಗೆ ತಾನೂ ತಲೆ ಎತ್ತಿದಳು.

"ನಿನಗೆ ಇದರ ಅಡಿಯಲ್ಲಿ ಕೂರ್ಲಿಕ್ಕೆ ಹೆದರಿಕೆಯಾ?"

"ಹೌದು ಅಕ್ಕ."

"ಇವರು ನನಗೆ ಎಂತ ಇಲ್ಲ ಅಂದಿದ್ರು."

ಕಾಂತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಅನ್ನದ ಪಾತ್ರೆಯನ್ನು ಎತ್ತಿದಳು. "ಮಕ್ಕಳೇ, ತಟ್ಟೆ ಹಿಡ್ಕೊಂಡು ಎಲ್ಲರೂ ಅಂಗಳಕ್ಕೆ ಬನ್ನಿ. ಮೇಲೆ ಇರುವವರನ್ನೂ ಕರೀರಿ. ಬೇಗ!"

ಮುಂಡಪ್ಪ ಓಡಿಬಂದರು. ಅಂಗಳದಲ್ಲಿ ಹುಡುಗಿಯರು ತಟ್ಟೆ ಹಿಡಿದು ನಿಂತಿದ್ದರು. ಕೆಲವರು ನಗುತ್ತಿದ್ದರು. ಝೈನಬ್ ಎಂಬ ಹುಡುಗಿ ಮಾತ್ರ ಪುಸ್ತಕಗಳೆಲ್ಲ ಮೇಲೆಯೇ ಉಳಿದವು, ನಾಳೆ ಪರೀಕ್ಷೆ ಎಂದು ಅಳುತ್ತಿದ್ದಳು.

"ಕರೆಯೋಲೆ ಕೊಡ್ಲಿಕ್ಕೆ ಬಂದು ನಮ್ಮ ಅನ್ನಕ್ಕೆ ಮಣ್ಣು ಹಾಕಿದೆಯಲ್ಲ!" ಎಂದರು ಮುಂಡಪ್ಪ. "ನಾಳೆ ಇವರ ತಂದೆ ತಾಯಿ ಫೋನ್ ಮಾಡಿದರೆ ನೀನು ಉತ್ತರ ಕೊಡ್ತೀಯಾ?"

"ಕೊಡ್ತೇನೆ ಅಣ್ಣ."



ಅವಳು ಮತ್ತೆ ಫೋನ್ ಮಾಡಿ, ಹುಡುಗಿಯರೆಲ್ಲ ಹೊರಗೆ ನಿಂತಿದ್ದಾರೆ ಎಂದಾಗ ಅಶೋಕ್ ಬಯ್ಯಲಿಲ್ಲ. ಸಂಜೆಯ ಹೊತ್ತಿಗೆ ಕಂಟ್ರಾಕ್ಟರ್ ಶಾಫಿಯ ಪಿಕಪ್ಪಿನಲ್ಲಿ ಕಬ್ಬಿಣದ ಜಾಕಿಗಳನ್ನು ಹೇರಿಸಿಕೊಂಡು ಅವರೇ ಬಂದರು. ಬಿರುಕಿನ ಮೇಲೆ ಬೆರಳಾಡಿಸಿದರು. ಜಾಕಿ ಕೊಡಿಸಿದರು. ಮುಂಡಪ್ಪನ ಹತ್ತಿರ ಮಾತ್ರ, "ಬರೀ ಮುನ್ನೆಚ್ಚರಿಕೆ, ಗಾಬರಿ ಮಾಡ್ಬೇಡಿ," ಎಂದರು. ಆ ಮಾತು ದೀಪಶ್ರೀಗೆ ಚುಚ್ಚಿತು. ಹುಡುಗಿಯರು ಸಾಮಾನು ಹೊತ್ತು ಗೆಳತಿಯರ ರೂಮುಗಳಿಗೆ, ನೆಂಟರ ಮನೆಗಳಿಗೆ ಚದುರಿದರು. ಹಲವರು ತಿರುಗಿ ಬರಲೇ ಇಲ್ಲ.

ಆಫೀಸಿನಲ್ಲಿ ಕೂತು ಅವಳು ಈಗಿನ ಭಾರಕ್ಕೆ ಸರಿಯಾಗಿ ಲೆಕ್ಕ ಹಾಕಿದಳು. ಒಂದು ಸಲ ಬೀಮು ತಡೆಯುವುದಿಲ್ಲ ಎಂದು ಬಂತು. ಕಾಂಕ್ರೀಟು ಸ್ವಲ್ಪ ಗಟ್ಟಿ ಎಂದು ಹಿಡಿದರೆ, ತಡೆದರೂ ತಡೆದೀತು ಎಂದು ಬಂತು. ಹಾಗಾದರೆ ನಾನು ಆ ಮಕ್ಕಳ ಪರೀಕ್ಷೆ ಕೆಡಿಸಿದೆನೇ? ಕಟ್ಟಡ ಬಿದ್ದಿದ್ದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಬೀಳಲಿಲ್ಲ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ, ಅವಳಿಗೂ. ಅವಳು ಆ ಲೆಕ್ಕವನ್ನು ಅಶೋಕ್‌ಗೆ ತೋರಿಸಿದಳು.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನಾಗಿದ್ದರೆ ಹೊಸ ವರ್ಷಕ್ಕೆ ಮುಂದೂಡ್ತಿದ್ದೆ. ಅದೇ ನನಗೆ ನಿದ್ದೆ ಕೆಡಿಸ್ತಾ ಉಂಟು," ಎಂದರು.

ಕೂಟಕ್ಕೆ ಮುಂಡಪ್ಪ ಬರಲಿಲ್ಲ. ಅವರ ಪರಿಚಯದ ಕೆಲವರೂ ಬರಲಿಲ್ಲ. ಊರಲ್ಲಿ ಮಾತು ಹಬ್ಬಿತ್ತು: ಆ ಎಂಜಿನಿಯರ್ ಹುಡುಗಿ ಚಿಕ್ಕ ಬಿರುಕಿಗೆ ಹಾಸ್ಟೆಲನ್ನೇ ಮುಚ್ಚಿಸಿದಳಂತೆ. ದೀಪಶ್ರೀ ಮೈಕಿನ ಮುಂದೆ ನಿಂತು ಹೊಸ ಕೋಡಿನ ವಿಚಾರ ಹೇಳಿದಳು. ಕೊನೆಗೆ, ಅಶೋಕ್ ಬೇಡವೆಂದಿದ್ದ ಮಾತನ್ನೂ ಹೇಳಿದಳು. "ಕಟ್ಟಿ ಆದ ಮೇಲೆ ಒಂದು ಪಿಲ್ಲರ್ ತೆಗೆಯುವ ಮೊದಲು, ಒಂದು ಮಾಳಿಗೆ ಏರಿಸುವ ಮೊದಲು ದಯವಿಟ್ಟು ನಮ್ಮನ್ನು ಕೇಳಿ. ಹೆದರಿಸುವುದಕ್ಕೆ ಹೇಳುವುದಲ್ಲ. ಆದರೆ ನನಗೆ ಹೆದರಿಕೆ ಉಂಟು."

ಹಿಂದಿನ ಸಾಲಿನಲ್ಲಿ ಯಾರೋ, "ಊಟ ಹೊರಗಾ ಒಳಗಾ?" ಎಂದರು. ನಗು ಎದ್ದಿತು. ಅಶೋಕ್ ನಗಲಿಲ್ಲ. ಅವರು ಎದ್ದು ಬಂದು ಅವಳ ಪಕ್ಕದಲ್ಲಿ ನಿಂತು, "ದೀಪಶ್ರೀ ಹೇಳಿದ್ದು ನನ್ನ ಆಫೀಸಿನ ಮಾತು," ಎಂದರು.

ಊಟ ಮುಗಿದು ಜನ ಆಫೀಸು ಹಂಚಿದ ಹೊಸ ವರ್ಷದ ಕ್ಯಾಲೆಂಡರ್ ಹಿಡಿದು ಹೊರಡುತ್ತಿದ್ದರು. ಬೆಳ್ತಂಗಡಿಯ ಶೇಷಪ್ಪ, ಧರ್ಮಸ್ಥಳದ ದಾರಿಯಲ್ಲಿ ಲಾಡ್ಜು ಇಟ್ಟವರು, ಕೈ ತೊಳೆಯುವ ಜಾಗದಲ್ಲಿ ಅವಳಿಗಾಗಿ ಕಾದು ನಿಂತಿದ್ದರು. ಆಚೀಚೆ ನೋಡಿ ದನಿ ತಗ್ಗಿಸಿದರು.

"ನಾವು ಲಿಫ್ಟ್ ಕೂರಿಸ್ಲಿಕ್ಕೆ ಒಂದು ಬೀಮು ಕಡಿಸಿದ್ದೇವೆ. ಆಗ ಕೇಳಬೇಕು ಅಂತ ತೋಚಲಿಲ್ಲ. ನೀವು ಪುರುಸೊತ್ತಾದಾಗ ಒಮ್ಮೆ ಬಂದು ನೋಡ್ತೀರಾ?"

ದೀಪಶ್ರೀ ಒದ್ದೆ ಕೈಯನ್ನು ಶಾಲಿಗೆ ಒರೆಸಿಕೊಂಡಳು.

"ಮೇಲಿನ ರೂಮುಗಳಲ್ಲಿ ಈಗ ಜನ ಇದ್ದಾರಾ?"

"ರಜೆ ಅಲ್ವಾ," ಎಂದರು ಶೇಷಪ್ಪ. "ಎಲ್ಲ ಭರ್ತಿ."

ಅವಳು ಅಶೋಕ್ ಅವರನ್ನು ಹುಡುಕಿಕೊಂಡು ಒಳಗೆ ಓಡಿದಳು.